ಕೆರೆಗೆ ಇಳಿದು ನೋಡಿದ ವರ್ಷ

ಶಿಬಿರ ಶುರುವಾಗಲು ನಾಲ್ಕೇ ದಿನ ಉಳಿದಿದ್ದ ಬುಧವಾರ, ನಾನು ಕೆರೆಯ ಪಕ್ಕದ ಕಾಫಿ ಕಣದ ಕಟ್ಟೆಯ ಮೇಲೆ ಕೂತು ಸುರಕ್ಷತೆಯ ಪಟ್ಟಿಗೆ ಟಿಕ್ ಹಾಕುತ್ತಿದ್ದೆ. ಮಕ್ಕಳು ಮಲಗುವ ಹಳೇ ಗೋದಾಮಿನ ವೈರಿಂಗ್ ನೋಡಿಸಿದ್ದಾಗಿತ್ತು. ದಾರಿಯ ಮೇಲೆ ಬಾಗಿದ್ದ ಸಿಲ್ವರ್ ಓಕಿನ ಒಣಕೊಂಬೆಗಳನ್ನು ಕಡಿಸಿದ್ದೆ. ಕಕ್ಕಸಿನ ಹಿಂದೆ ಕಣಜ ಗೂಡು ಕಟ್ಟಿತ್ತು, ಅದನ್ನೂ ತೆಗೆಸಿದ್ದೆ. ಕೊನೆಯ ಸಾಲಿನಲ್ಲಿ ‘ಕೆರೆ, ಎಡದಂಡೆ, ಆಳ ಪರೀಕ್ಷಿಸಲಾಗಿದೆ’ ಎಂದಿತ್ತು. ಅದಕ್ಕೂ ಒಂದು ಟಿಕ್ ಹಾಕಿ ಪೆನ್ನು ಮುಚ್ಚಿದೆ.

ವ್ಯಾಯಾಮ ಶಿಕ್ಷಕಿಯಾಗಿ ನಿವೃತ್ತಳಾದ ಮೇಲೆ ಮೂರ್ನಾಡಿನ ಬಳಿಯ ಈ ಎಸ್ಟೇಟಿನಲ್ಲಿ ಪ್ರತಿ ಬೇಸಿಗೆ ಹತ್ತು ದಿನ ಮಕ್ಕಳ ಶಿಬಿರ ನಡೆಸುತ್ತೇನೆ. ಎಸ್ಟೇಟಿನ ಯಜಮಾನಿ ನನ್ನ ಹಳೇ ಗೆಳತಿ. ಮಕ್ಕಳು ಬರುವುದು ನನ್ನ ಹಾಡು, ಕಸರತ್ತು ನೋಡಲಿಕ್ಕಲ್ಲ, ಕೆರೆಗೆ. ಎಡದಂಡೆಯಲ್ಲಿ ನೆಲ ಮೆಲ್ಲಗೆ ಇಳಿಯುತ್ತದೆ, ನೀರು ನನ್ನ ಮೊಣಕಾಲು ದಾಟುವುದಿಲ್ಲ. ಏಳೆಂಟು ವರ್ಷದ ಚಿಕ್ಕವರನ್ನು ಅಲ್ಲೇ ಬಿಡುವುದು. ಆ ಜಾಗ ನನಗೆ ನನ್ನ ಅಡುಗೆಮನೆಯಷ್ಟು ಗೊತ್ತು ಎಂದು ಬೀಗುತ್ತಿದ್ದೆ.

ಮಧ್ಯಾಹ್ನ ಎಲ್ಲೆಯ ಹಗ್ಗ ಕಟ್ಟಲು ನಾನೇ ನೀರಿಗಿಳಿದೆ. ಕೆಲಸದವರು ಕಟ್ಟಿದ ಗಂಟು ನನಗೆ ಸರಿಹೋಗುವುದಿಲ್ಲ. ನನ್ನ ಸಿಡುಕು ತಿಳಿದ ಅವರೂ ಹಗ್ಗವನ್ನು ನನ್ನ ಕೈಗೇ ಕೊಟ್ಟು ಸುಮ್ಮನಾಗುತ್ತಾರೆ. ಒಂದು ಹೆಜ್ಜೆ, ಎರಡು ಹೆಜ್ಜೆ, ಕಾಲಡಿಗೆ ತಣ್ಣನೆಯ ಕೆಸರು. ಆರನೇ ಹೆಜ್ಜೆಗೆ ನೆಲವೇ ಇರಲಿಲ್ಲ. ಸೀದಾ ಮುಳುಗಿದೆ. ಕಣ್ಣು, ಮೂಗು, ಬಾಯಿಗೆಲ್ಲ ಕೆಂಪು ನೀರು ನುಗ್ಗಿತು. ಈಜು ಬರುತ್ತದಲ್ಲ, ನಾಲ್ಕು ಸಲ ಕೈ ಬಡಿದು ದಡಕ್ಕೆ ಬಂದೆ. ಹುಲ್ಲಿನ ಮೇಲೆ ಕೂತು ಬಾಯಲ್ಲಿದ್ದ ಕೆಸರು ಉಗುಳಿದೆ.

ದಡದಲ್ಲಿ ಎಸ್ಟೇಟಿನ ರೈಟರ್ ನಿಂತಿದ್ದ. ಆಳುಗಳ ಹಾಜರಿ, ಕೆಲಸ ಎಲ್ಲ ಅವನದೇ ಉಸ್ತುವಾರಿ. ಟವೆಲು ಕೊಡುತ್ತಾ ನೆನಪು ಮಾಡಿಕೊಂಡವನಂತೆ ಹೇಳಿದ:

“ಟೀಚರೇ, ಅಲ್ಲಿ ಫುಟ್‌ವಾಲ್ವ್ ಗುಂಡಿ ತೆಗ್ಸಿದ್ವಿ, ಮಾರ್ಚಲ್ಲಿ.”

ಆಮೇಲೆ ಅವನೇ ವಿವರಿಸಿದ. ಈ ವರ್ಷ ಹೂ ಮಳೆ ತಡವಾಯಿತು. ಕಾಫಿ ಹೂವಾಗಲು ಸ್ಪ್ರಿಂಕ್ಲರ್ ನೀರೇ ಗತಿ. ನೀರು ಹೊಡೆದು ಹೊಡೆದು ಕೆರೆಯ ತಳ ಕಂಡಿತು, ಪಂಪಿನ ಪೈಪು ನೀರಿಗೆ ಎಟುಕದಾಯಿತು. ಪಂಪ್‌ಶೆಡ್ ಇರುವುದು ಎಡದಂಡೆಯಲ್ಲಿ. ಅಲ್ಲೇ ಆಳುದ್ದ ಗುಂಡಿ ತೋಡಿ, ನಡುವಿನ ನೀರನ್ನು ಕಾಲುವೆ ಮಾಡಿ ಅದಕ್ಕೆ ಹರಿಸಿ, ಪೈಪಿನ ತುದಿಯ ಫುಟ್‌ವಾಲ್ವನ್ನು ಅದರೊಳಗೆ ಮುಳುಗಿಸಿ ತೋಟದ ಕೊನೆಯ ಬ್ಲಾಕಿಗೆ ನೀರು ಕೊಟ್ಟರು. ಮಾರನೇ ವಾರ ಮಳೆ ಬಂತು, ಕೆರೆ ತುಂಬಿತು, ಗುಂಡಿ ನೀರಿನಡಿ ಮರೆಯಾಯಿತು.

ತೋಡಿದವರಿಗೆ ಗೊತ್ತಿತ್ತು, ಆಳುಗಳ ಲೈನುಮನೆಗಳಲ್ಲಿ ಎಲ್ಲರಿಗೂ ಗೊತ್ತಿತ್ತು, ಯಜಮಾನಿಗೂ ಗೊತ್ತಿತ್ತು. ನನಗೊಬ್ಬಳಿಗೆ ಯಾರೂ ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಅದು ಕಾಫಿಯ ಗುಂಡಿ, ಶಿಬಿರಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ರೈಟರನ ಮೇಲೆ ಹರಿಹಾಯ್ದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಬೈದು ಮುಗಿದ ಮೇಲೆ ಕಟ್ಟೆಯ ಮೇಲಿದ್ದ ಪಟ್ಟಿಯ ಕಡೆ ಕಣ್ಣು ಹೋಯಿತು. ‘ಪರೀಕ್ಷಿಸಲಾಗಿದೆ’ ಎಂದು ಟಿಕ್ ಹಾಕಿದವಳು ನಾನು, ಬೆಳಿಗ್ಗೆ, ಕೆರೆಯ ಕಡೆ ತಿರುಗಿಯೂ ನೋಡದೆ.

ರೈಟರ್ ಉಪಾಯ ಹೇಳಿದ. ಗುಂಡಿಯ ಸುತ್ತ ನಾಲ್ಕು ಬಿದಿರು ನೆಟ್ಟು ಕೆಂಪು ಬಟ್ಟೆ ಕಟ್ಟಿಬಿಟ್ಟರೆ ಸಾಕು, ಅರ್ಧ ಗಂಟೆಯ ಕೆಲಸ. ಮೂವತ್ತು ವರ್ಷ ಮಕ್ಕಳನ್ನು ಮೇಯಿಸಿದವಳು ನಾನು. ನೀರಿನ ನಡುವೆ ಕೆಂಪು ಬಟ್ಟೆ ಹಾರಾಡಿದರೆ ಮೊದಲು ಅದನ್ನು ಮುಟ್ಟಿ ಬರುವವರು ಯಾರು ಎಂಬುದೇ ಅವರ ಆಟವಾಗುತ್ತದೆ. ಆಗುವುದಿಲ್ಲ ಎಂದೆ. ಮೇಲಿಂದಲೇ ಕಲ್ಲು ಸುರಿಯೋಣ ಎಂದ. ಕೆಸರು ನೀರಲ್ಲಿ ಕಲ್ಲು ಎಲ್ಲಿ ಕೂತಿತು, ಎಲ್ಲಿ ಟೊಳ್ಳು ಉಳಿಯಿತು ಎಂದು ಯಾರು ಕಂಡರು? ಅದಕ್ಕೂ ಆಗುವುದಿಲ್ಲ ಎಂದೆ. ಕೆರೆಯ ನೀರು ಇಳಿಸಬೇಕು, ಗುಂಡಿ ಕಣ್ಣಿಗೆ ಕಾಣಬೇಕು, ಇಲ್ಲವಾದರೆ ಭಾನುವಾರ ಗೇಟು ತೆರೆಯುವುದಿಲ್ಲ. ಮಕ್ಕಳಿಲ್ಲದ ಬೇಸಿಗೆ ನನಗೆ ಬೇಡವೇ ಬೇಡ.

ಒದ್ದೆ ಬಟ್ಟೆಯಲ್ಲೇ ಯಜಮಾನಿಯ ಬಳಿ ಹೋದೆ. ಏಪ್ರಿಲ್ ಕೊನೆಯಲ್ಲಿ ಕೆರೆ ಖಾಲಿ ಮಾಡಿ ಎಂದು ಕಾಫಿ ಬೆಳೆಗಾರರನ್ನು ಕೇಳುವುದು ಸಣ್ಣ ಮಾತಲ್ಲ. ಹೂವಾದ ಮೂರು ವಾರಕ್ಕೆ ಬ್ಯಾಕಿಂಗ್, ಅಂದರೆ ಎರಡನೇ ಸುತ್ತಿನ ನೀರು ಬೇಕು, ಇಲ್ಲವಾದರೆ ಕಾಯಿ ಕಚ್ಚುವುದಿಲ್ಲ. ಅವಳು ನನ್ನ ತಲೆಯಿಂದ ಇಳಿಯುತ್ತಿದ್ದ ಕೆಸರು ನೋಡಿದಳು. ಏನಾಯಿತೆಂದು ಕೇಳಿದಳು, ಹೇಳಿದೆ. ಹೇಗೂ ಕೊಡಬೇಕಾದ ಬ್ಯಾಕಿಂಗ್, ನಾಲ್ಕು ದಿನ ಮೊದಲೇ ಕೊಟ್ಟರೆ ಗಿಡವೇನೂ ಮುನಿಸಿಕೊಳ್ಳುವುದಿಲ್ಲ ಎಂದು ರೈಟರನಿಗೆ ಪಂಪ್ ಹಾಕಲು ಹೇಳಿ ಕಳಿಸಿದಳು. ಈ ವರ್ಷ ಮಕ್ಕಳ ತೆಪ್ಪ ತೇಲಿಸುವಷ್ಟು ನೀರು ಉಳಿಯುವುದಿಲ್ಲ ಎಂದು ನನಗೂ ಎಚ್ಚರಿಸಿದಳು. ತೆಪ್ಪ ಹೋದರೆ ಹೋಗಲಿ ಎಂದೆ.

ಎರಡು ದಿನ ಪಂಪ್ ಓಡಿತು. ಆ ಎರಡು ದಿನವೂ ನಾನು ಬಿದಿರು ಹಿಡಿದು, ಇಳಿಯುತ್ತಿದ್ದ ನೀರಿನ ಅಂಚಿನಲ್ಲಿ ಅಡಿ ಅಡಿಗೂ ನೆಲ ಚುಚ್ಚುತ್ತಾ ನಡೆದೆ. ಪಟ್ಟಿಯ ಹಾಳೆ ಹರಿದು ಹೊಸದು ಬರೆದೆ. ಇಳಿದು ಮುಟ್ಟಿ ನೋಡದ ಯಾವುದಕ್ಕೂ ಟಿಕ್ ಇಲ್ಲ ಎಂದು ನನಗೆ ನಾನೇ ಆಣೆ ಹಾಕಿಕೊಂಡೆ. ಗೋದಾಮಿನ ವೈರಿಂಗನ್ನೂ ಮತ್ತೆ ನೋಡಿಸಿದೆ. ರೈಟರ್ ನನ್ನ ಹಿಂದೆಯೇ ಓಡಾಡಿದ. ಅಷ್ಟು ದೊಡ್ಡದು ಮಾಡುವ ವಿಷಯವಲ್ಲ ಎಂಬುದು ಇನ್ನೂ ಅವನ ಮುಖದಲ್ಲಿತ್ತು.

ಶುಕ್ರವಾರ ಸಂಜೆ ಎಡದಂಡೆ ಪೂರ್ತಿ ಬರಿದಾಯಿತು. ಪಂಪಿಗೆ ಸಿಗದೆ ಗುಂಡಿಯ ತಳದಲ್ಲಿ ನಿಂತಿದ್ದ ನೀರನ್ನು ಬಕೆಟ್ಟಿನಲ್ಲಿ ಮೊಗೆದು ಹಾಕಿದರು. ತಳ ಗಟ್ಟಿ ಇದೆಯೋ ನೋಡಲು ರೈಟರ್ ಏಣಿ ಹಾಕಿ ತಾನೇ ಇಳಿದ. ಅವನು ಎತ್ತರದ ಆಳು. ಆದರೂ ಮೇಲೆ ನಿಂತ ನನಗೆ ಅವನ ಟೋಪಿ ಮಾತ್ರ ಅಂಚಿನ ಸಮಕ್ಕೆ ಕಾಣುತ್ತಿತ್ತು. ಮೆತ್ತನೆಯ ಗೋಡೆ ಮುಟ್ಟಿದ, ಮಣ್ಣು ಕೈಗೇ ಜಾರಿ ಬಂತು. ಹಿಡಿದು ಹತ್ತಲು ಒಂದು ಬೇರೂ ಇರಲಿಲ್ಲ.

ಅವನು ತಲೆ ಎತ್ತಿ, ಏಳು ವರ್ಷದ ಮಗು ಎಷ್ಟೆತ್ತರ ಇರುತ್ತದೆ ಎಂದು ಕೇಳಿದ. ನಿನ್ನ ಸೊಂಟದಷ್ಟು, ಸ್ವಲ್ಪ ಮೇಲೆ ಎಂದೆ. ಅವನು ಅಂಗೈಯನ್ನು ಸೊಂಟದ ಬಳಿ ಅಡ್ಡ ಹಿಡಿದು ನಿಂತ. ಅಲ್ಲಿಂದ ಮೇಲಿನ ಅಂಚಿನವರೆಗೆ ನಿಧಾನವಾಗಿ ಕಣ್ಣು ಹಾಯಿಸಿದ. ಮೇಲಕ್ಕೆ ಬರಲಿಲ್ಲ.

“ಕಲ್ಲು ಕೊಡಿ ಟೀಚರೇ,” ಅಂದ ಕೊನೆಗೆ. “ನಾನೇ ಕೂರಿಸ್ತೀನಿ, ಒಂದೊಂದಾಗಿ.”