ದಾವಲಬಿ ತೆಗೆದ ಹಗೇವು

ಇಂಡಿ ಪಟ್ಟಣದ ನಮ್ಮ ನಿಂಬೆ ಬೆಳೆಗಾರರ ಸಂಘದ ಬೋರ್ಡಿನ ಮೇಲೆ ಕಾರ್ಯದರ್ಶಿ ಎಂದು ಇರುವ ಹೆಸರು ನನ್ನದು. ಸಂಘ ನಡೆಯುವುದು ಮಾತ್ರ ದಾವಲಬಿಯಿಂದ. ಇದು ಊರಿಗೆಲ್ಲ ಗೊತ್ತು. ಬೋರ್ಡು ಬರೆದ ಪೇಂಟರನಿಗೂ ಗೊತ್ತಿತ್ತು. ನನ್ನ ಹೆಸರು ಬರೆಯುವಾಗ ಅವನು ನಕ್ಕಿದ್ದ.

ದಾವಲಬಿಗೆ ಈಗ ನಲವತ್ತಾರು. ಭೀಮಾ ದಂಡೆಯ ದೇವಣಗಾಂವದಲ್ಲಿ ಹುಟ್ಟಿ, ಸಿಂದಗಿಯಲ್ಲಿ ಪಿಯುಸಿ ಮುಗಿಸಿ, ಅಲ್ಲೇ ಒಂದು ಟೈಪಿಂಗ್ ಅಂಗಡಿಯಲ್ಲಿ ನಾಲ್ಕು ವರ್ಷ ಬೆರಳು ಸವೆಸಿ, ಮದುವೆಯಾಗಿ ಇಂಡಿಗೆ ಬಂದವಳು. ಗಂಡ ಜಹೀರ ಚಡಚಣದ ದಾರಿಯಲ್ಲಿ ಟಂಟಂ ಆಟೋ ಓಡಿಸುತ್ತಾನೆ. ಸಂಘಕ್ಕೆ ಆಕೆ ಸೇರಿದ್ದು ನಿಂಬೆ ಚೀಲಗಳ ಮೇಲೆ ಅಂಟಿಸುವ ಚೀಟಿ ಟೈಪು ಮಾಡಲು. ಆಮೇಲೆ ಯಾರೋ ಸಂಘಕ್ಕೆ ಒಂದು ಸರ್ವರ್ ದಾನ ಕೊಟ್ಟರು. ಅದಕ್ಕೆ ನಾನು ಕುಂಕುಮ ಹಚ್ಚಿ ಊದುಬತ್ತಿ ಬೆಳಗಿದೆ. ನನಗೆ ತಿಳಿದಿದ್ದು ಅಷ್ಟೆ. ದಾವಲಬಿ ಮಧ್ಯಾಹ್ನದ ಬಿಡುವಿನಲ್ಲಿ ವಿಡಿಯೋ ನೋಡಿ ನೋಡಿ ಅದನ್ನು ನಡೆಸಲು ಕಲಿತಳು. ಏನು ಕೆಟ್ಟಿತು, ಯಾಕೆ ಕೆಟ್ಟಿತು, ಹೇಗೆ ಸರಿಯಾಯಿತು ಎಂದು ನೂರು ಹಾಳೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. 'ಯಾಕೆ' ಎಂಬ ಕಡೆ ನನ್ನ ಹೆಸರು ಹದಿನಾಲ್ಕು ಸಲ ಬಂದಿದೆ.

ನಿಂಬೆ ತೂಗಿಸಲು ಬರುವ ರೈತರು ಚೀಲ ಇಳಿಸುವ ಮೊದಲು ಆಕೆಯ ಟೇಬಲ್ಲಿನ ಮೇಲೆ ಮೊಬೈಲ್ ಇಡುತ್ತಾರೆ. "ಅಕ್ಕಾರ, ಫುಲ್ ಆಗೈತಂತ. ನೋಡ್ರಿ ಒಂಚೂರು." ಅದು ತುಂಬಿರುವುದು ಶುಭೋದಯದ ಗುಲಾಬಿ ಹೂಗಳಿಂದ. ನಾನಾಗಿದ್ದರೆ ಒಂದೇ ಏಟಿಗೆ ಎಲ್ಲ ಅಳಿಸಿ ಕಳಿಸುತ್ತಿದ್ದೆ. ಆಕೆ ಹಾಗಲ್ಲ.

"ಈ ಹೂವು ತೆಗೀಲಿ?"

"ತೆಗೀರಿ."

"ಈ ಎತ್ತು?"

"ಏ, ಅದು ಇರ್ಲಿ ತಾಯಿ. ಹ್ವಾದ ವರ್ಷ ಮಾರೀನಿ ಅದನ್ನ."

ಹೀಗೆ ಕೇಳಿ ಕೇಳಿ ಅಳಿಸುವ ಈ ಹೆಂಗಸಿನ ಕೈಯಲ್ಲಿ ಸರ್ವರ್ ಇರುವುದು ಎಂಥ ಪುಣ್ಯ ಎಂದು ನನಗೆ ತಿಳಿದದ್ದು ಈ ಜೂನಿನಲ್ಲಿ, ಗುರಪ್ಪಣ್ಣನ ಮಾತು ಕಳೆದಾಗ.

ಗುರಪ್ಪಣ್ಣನಿಗೆ ಎಪ್ಪತ್ತನಾಲ್ಕು. ನಿಂಬೆ ಎಲೆಯನ್ನು ಬೆಳಕಿಗೆ ಹಿಡಿದು, ಬೇರಿಗೆ ಏನಾಗಿದೆ ಎಂದು ಹೇಳುವ ಮನುಷ್ಯ. ಸೊಲ್ಲಾಪುರದಲ್ಲಿ ಡಾಕ್ಟರು ಗಂಟಲಿನ ಆಪರೇಷನ್ ಮಾಡಬೇಕು, ಆಮೇಲೆ ಮಾತು ಬರುವುದಿಲ್ಲ ಎಂದಾಗ ಅವನು ಸೀದಾ ಸಂಘಕ್ಕೆ ಬಂದ. "ನನ್ನ ತೆಲಿಯೊಳಗಿಂದು ಎಲ್ಲಾ ಬರ್ಕೋರಿ. ಮುಂದ ಕೇಳಿದ್ರ ನಾ ಹೇಳಾಂವಲ್ಲ" ಎಂದ. ಏಪ್ರಿಲ್‌ನಲ್ಲಿ ಒಂಬತ್ತು ದಿನ ಅವನು ಮಾತಾಡಿದ, ನಾನು ಕ್ಯಾಮೆರಾ ಹಿಡಿದೆ. ದಾವಲಬಿ ಆಗ ತಂಗಿಯ ಬಾಣಂತನಕ್ಕೆ ದೇವಣಗಾಂವಕ್ಕೆ ಹೋಗಿದ್ದಳು. ದಿನಾ ಸಂಜೆ ಸರ್ವರಿನ 'ಮಾತು' ಎಂಬ ಫೋಲ್ಡರಿಗೆ ವಿಡಿಯೋ ಹಾಕುವುದನ್ನು ನನಗೆ ಕಲಿಸಿ ಹೋಗಿದ್ದಳು. ಹಾಕಿದೆ. ಒಂಬತ್ತೂ ದಿನ ಹಾಕಿದೆ. ಆಮೇಲೆ ಕ್ಯಾಮೆರಾದ ಕಾರ್ಡು ಅಳಿಸಿ, ವಾರ್ಷಿಕ ಸಭೆಯಲ್ಲಿ ನಾನು ಮಾಡಿದ ಐವತ್ತೆರಡು ನಿಮಿಷದ ಭಾಷಣ ತುಂಬಿಸಿದೆ. ಆ ಭಾಷಣ ಈಗಲೂ ಭದ್ರವಾಗಿದೆ. ಯಾರೂ ಕೇಳಿಲ್ಲ.

ಆಪರೇಷನ್ ಆಯಿತು. ಗುರಪ್ಪಣ್ಣ ಉಳಿದ, ದನಿ ಹೋಯಿತು. ಈಗ ಕೋಲಿನಿಂದ ಮಾತಾಡುತ್ತಾನೆ: ಒಂದು ಬಡಿತ ಹೌದು, ಎರಡು ಬಡಿತ ಅಲ್ಲ, ಮೂರು ಬಡಿತ ಬಸಂತರಾಯ ಕತ್ತೆ. ಬಸಂತರಾಯ ಅಂದರೆ ನಾನು.

ಜೂನಿನಲ್ಲಿ ಅವನು ತನ್ನ ಮಾತು ಕೇಳಲು ಬಂದು ಕೂತ. ದಾವಲಬಿ ಫೋಲ್ಡರ್ ತೆರೆದಳು. ಹಳೆಯ ವಿಡಿಯೋ ಎಲ್ಲ ಇದ್ದವು. ಗುರಪ್ಪಣ್ಣನದು ಒಂದೂ ಇಲ್ಲ. ಕೋಲು ಮೂರು ಸಲ ಬಡಿಯಿತು.

ಅದೇ ವಾರ ಸರ್ವರ್ ಇನ್ನೊಂದು ರಾಗ ತೆಗೆಯಿತು: ಜಾಗ ಇಲ್ಲ. ವಿಜಯಪುರದಿಂದ ಇಂಜಿನಿಯರ್ ಸಂಜೀವಕುಮಾರ ಬಂದ. ಸಣ್ಣ ವಯಸ್ಸು, ದೊಡ್ಡ ಬ್ಯಾಗು. ಗುರಪ್ಪಣ್ಣನೂ ಆ ದಿನ ಬಂದು ಕೂತಿದ್ದ. ನಮ್ಮ ಸರ್ವರಿಗೆ ಎರಡು ಡಿಸ್ಕು: ಒಳಗೊಂದು ಸಣ್ಣದು, ಹೊರಗೆ ತನ್ನದೇ ಪ್ಲಗ್ಗಿನ ಒಂದು ದೊಡ್ಡದು. ತುಂಬಿದೆ ಎನ್ನುತ್ತಿದ್ದುದು ಸಣ್ಣದು. ನೂರಾ ಇಪ್ಪತ್ತು ಜಿಬಿಯಲ್ಲಿ ನೂರಾ ಹನ್ನೆರಡು ಖರ್ಚಾಗಿದೆ ಎನ್ನುತ್ತಿತ್ತು. ಆದರೆ ಅದರಲ್ಲಿದ್ದ ಫೈಲುಗಳನ್ನೆಲ್ಲ ಕೂಡಿಸಿದರೆ ನಲವತ್ತಾರೇ ಆಗುತ್ತಿತ್ತು.

"ಸುಳ್ಳ ಹೇಳಾಕತ್ತೈತ್ರಿ ಇದು" ಎಂದ ಸಂಜೀವಕುಮಾರ. "ಮುಪ್ಪಾಗೈತಿ. ಮುಂಜಾನೆ ಬಂದು ಎಲ್ಲಾ ಅಳಿಸಿ ಹೊಸದಾಗಿ ಕೂಡಿಸಿ ಕೊಡ್ತೇನಿ."

"ಹಂಗ ಮಾಡ್ರಿ" ಎಂದೆ ನಾನು. ಮುಪ್ಪಾದವರು ತಪ್ಪು ಲೆಕ್ಕ ಹೇಳುವುದು ನನಗೆ ಸ್ವಂತ ಅನುಭವದಿಂದ ಗೊತ್ತು.

ದಾವಲಬಿ ನೋಟ್‌ಬುಕ್ಕಿನಿಂದ ತಲೆ ಎತ್ತಲಿಲ್ಲ. "ನೂರಾ ಹನ್ನೆರಡರಾಗ ನಲವತ್ತಾರು ಹ್ವಾದ್ರ ಅರವತ್ತಾರು. ಗುರಪ್ಪಣ್ಣಾರ ವಿಡಿಯೋ ದಿನಕ್ಕೆಷ್ಟ್ರೀ?"

"ಏಳು ಜಿಬಿ, ಮ್ಯಾಲ ಸ್ವಲ್ಪ."

"ಒಂಬತ್ತು ದಿನಕ್ಕ?"

ನಾನು ಬೆರಳು ಮಡಿಸಿದೆ. ಗುರಪ್ಪಣ್ಣ ನನಗಿಂತ ಮೊದಲು ಲೆಕ್ಕ ಮುಗಿಸಿ ಕೋಲನ್ನು ಒಮ್ಮೆ ಬಡಿದ.

"ಸುಳ್ಳ ಹೇಳಾಕತ್ತಿಲ್ರಿ ಅದು" ಎಂದಳು ದಾವಲಬಿ. "ನಮ್ಮ ಮನ್ಯಾಗ ಹಗೇವು ಇತ್ತು, ಅದರ ಮ್ಯಾಲ ನಮ್ಮಜ್ಜಿ ಹೊರಸು. ಹೊಲದಿಂದ ಹನ್ನೆರಡು ಚೀಲ ಜ್ವಾಳ ಬಂದ್ರ ಮನ್ಯಾಗ ಕಾಣೂದು ಐದ ಚೀಲ. ಉಳಿದ ಏಳು ಯಾರರೇ ಕದ್ದರನು? ಅಜ್ಜಿ ಹೊರಸಿನ ಬುಡಕ ಇರ್ತಿತ್ತು."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಹಗೇವು ಎಂದರೆ ಮನೆಯ ಮುಂದೆಯೋ ಪಡಸಾಲೆಯಲ್ಲೋ ಬಾವಿಯ ಹಾಗೆ ತೋಡಿ, ಜೋಳ ತುಂಬಿ, ಬಾಯಿಗೆ ಕಲ್ಲು ಹಾಕಿ, ಮಣ್ಣು ಮೆತ್ತಿ ಮುಚ್ಚಿದ ಕಣಜ. ಮುಚ್ಚಿದ ಮೇಲೆ ಅದರ ಮೇಲೆ ಎತ್ತು ಕಟ್ಟುತ್ತಾರೆ, ಹೊರಸು ಹಾಕಿ ಮಲಗುತ್ತಾರೆ. ಹೊರಗಿನವನ ಕಣ್ಣಿಗೆ ಅದು ಬರೀ ನೆಲ.

"ದೊಡ್ಡ ಡಿಸ್ಕು ಅಂದ್ರ ಅಜ್ಜಿ ಹೊರಸು ಇದ್ದಂಗ್ರಿ" ಎಂದು ಆಕೆ ವಿವರಿಸಿದಳು. "ಅದು ಬಂದು ಕೂಡೂದು 'ಮಾತು' ಫೋಲ್ಡರಿನ ಮ್ಯಾಲ. ಅದು ಕುಂತಾಗ ಫೋಲ್ಡರಿಗೆ ಹಾಕಿದ್ದೆಲ್ಲಾ ದೊಡ್ಡದಕ್ಕ ಹೋಕ್ಕೈತಿ. ಅದು ಇಲ್ಲದಾಗ ಹಾಕಿದ್ರ ಕೆಳಗ, ಸಣ್ಣ ಡಿಸ್ಕಿನಾಗ ಬೀಳ್ತೈತಿ. ಆಮ್ಯಾಲ ದೊಡ್ಡದು ಬಂದು ಮ್ಯಾಲ ಕುಂತ್ರ, ಕೆಳಗಿಂದು ಯಾರಿಗೂ ಕಾಣಂಗಿಲ್ಲ. ಜಾಗಾ ಮಾತ್ರ ತಿಂದಿರ್ತೈತಿ."

"ದೊಡ್ಡ ಡಿಸ್ಕ್ ಯಾಕ ಇರೂದಿಲ್ಲ?" ಎಂದೆ ನಾನು, ಬಹಳ ಜಾಣನ ಹಾಗೆ. "ಅದರ ಪ್ಲಗ್ಗು ಯಾರ ಕಿತ್ತಾರ?"

ಆಕೆ ನೋಟ್‌ಬುಕ್ಕಿನ ಹಾಳೆ ತಿರುವಿದಳು. ಸಂಜೀವಕುಮಾರ ನಕ್ಕ. "ಅಕ್ಕಾರ, ಇದು ಸರ್ವರ್ ಐತ್ರಿ, ಜ್ವಾಳದ ಕಣಜ ಅಲ್ಲ. ಯಾವ ಪುಸ್ತಕದಾಗ ಐತಿ ಹಿಂಗಂತ?"

"ಪುಸ್ತಕ ನಾ ಬರಿಯಾಕತ್ತೇನಿ" ಎಂದು ಆಕೆ ನೋಟ್‌ಬುಕ್ ತೋರಿಸಿದಳು. "ಮುಂಜಾನೆ ಹತ್ತರ ತನಕಾ ಏನೂ ಮುಟ್ಟಬ್ಯಾಡ್ರಿ. ಸಿಗಲಿಲ್ಲಂದ್ರ ಅಳಿಸೋ ಬಟನ್ ನಾನ ಒತ್ತತೇನಿ."

ಆ ಮಾತಿನ ತೂಕ ನನಗೆ ತಿಳಿಯಿತು. ಒಂದು ಎತ್ತಿನ ಫೋಟೋ ಅಳಿಸುವ ಮೊದಲು ಮಾಲೀಕನನ್ನು ಕೇಳುವ ಹೆಂಗಸು ಆಕೆ. ಗುರಪ್ಪಣ್ಣನೂ ತನ್ನ ಕೋಲನ್ನು ಆಕೆಯ ಟೇಬಲ್ಲಿಗೆ ಒರಗಿಸಿ ಹೋದ. ಅವನ ಮಾತೇ ಅದಲ್ಲವೇ; ಒತ್ತೆ ಇಟ್ಟ ಹಾಗೆ ಇಟ್ಟು ಹೋದ.

ಮರುದಿನ ಎಂಟಕ್ಕೆ ಆಕೆ ಬಂದು ಸರ್ವರಿನಲ್ಲಿ ಎಲ್ಲರ ಕೆಲಸ ನಿಲ್ಲಿಸಿದಳು. ಪ್ಲಗ್ಗಿಗೆ ಕೈ ಹಚ್ಚದೆ, ಕ್ರಮಪ್ರಕಾರ ಆಜ್ಞೆ ಕೊಟ್ಟು ದೊಡ್ಡ ಡಿಸ್ಕನ್ನು ಬೇರ್ಪಡಿಸಿದಳು. ಆಮೇಲೆ 'ಮಾತು' ಫೋಲ್ಡರನ್ನು ತೆರೆದಳು. ಮೇಲಿನದು ಸರಿದಿತ್ತು, ಒಳಗೆ ಬರಿದಾಗಿರಬೇಕಿತ್ತು.

ಒಂಬತ್ತು ಫೈಲುಗಳಿದ್ದವು.

ನಾನು ಕುರ್ಚಿಯಿಂದ ಎದ್ದು ಮೌಸಿನ ಮೇಲೆ ಬಿದ್ದೆ. "ಹಚ್ರಿ, ಹಚ್ರಿ, ಕೇಳೂನು!"

ಆಕೆ ನನ್ನ ಕೈ ಸರಿಸಿದಳು. "ಹಗೇವಿನ ಕಲ್ಲು ತೆಗೆದ ಕೂಡ್ಲೆ ಯಾರರೇ ಒಳಗ ಇಳೀತಾರೇನ್ರಿ ಸಾಹೇಬ್ರ? ಒಳಗಿನ ಗಾಳಿ ಕೆಟ್ಟಿರ್ತೈತಿ. ದೀಪ ಬಿಟ್ಟು, ಆರಂಗಿಲ್ಲ ಅಂತ ನೋಡಿ, ಆಮ್ಯಾಲ ಇಳೀಬೇಕು." ನಮ್ಮ ಹಿರಿಯರು ಹಾಗೆಯೇ ಮಾಡುತ್ತಿದ್ದರು, ಅವಸರ ಮಾಡಿದವರು ಮೇಲೆ ಬಂದಿಲ್ಲ. ಆಕೆ ಒಂಬತ್ತನ್ನೂ ಬೇರೆ ಡ್ರೈವಿಗೆ ನಕಲು ಮಾಡಿದಳು. ಮೂಲದ ಜತೆ ನಕಲನ್ನು ಒಂದೊಂದಾಗಿ ತಾಳೆ ನೋಡಿದಳು. ಒಂದೂಕಾಲು ತಾಸು ಹಿಡಿಯಿತು. ಅಷ್ಟರಲ್ಲಿ ಸಂಜೀವಕುಮಾರ ಬಂದ, ಪರದೆ ನೋಡಿದ, ಬ್ಯಾಗು ಕೆಳಗಿಟ್ಟ. "ಅಕ್ಕಾರ, ಆ ನೋಟ್‌ಬುಕ್ಕಿಂದು ಒಂದು ಝೆರಾಕ್ಸ್ ಕೊಡ್ರಿ" ಎಂದ. ಹುಡುಗ ಕೆಟ್ಟವನಲ್ಲ.

ಗುರಪ್ಪಣ್ಣನನ್ನು ಕರೆಸಿ, ಮುಂದೆ ಕೂರಿಸಿ, ಮೊದಲ ದಿನದ ವಿಡಿಯೋ ಹಚ್ಚಿದಳು. ಮೊದಲು ಬಂದದ್ದು ನನ್ನ ದನಿ.

"ಕ್ಯಾಮೆರಾ ಚಾಲೂ ಐತಿ. ತಡೀರಿ ಗುರಪ್ಪಣ್ಣ, ಭಾಳ ಸೆಕಿ ಐತಿ, ಕೂಲರ್ ಹಚ್ಚತೇನಿ."

ಆಮೇಲೆ ಆ ಗಡಸು, ಒಣ, ಎರಡು ಎಕರೆ ಆಚೆಗೂ ಕೇಳುತ್ತಿದ್ದ ದನಿ: "ಏ ಬಸಂತರಾಯ, ಅದ್ಯಾವ್ದೋ ಪ್ಲಗ್ಗು ಕಿತ್ತಿದೆಲ್ಲೊ. ಕೆಂಪು ದೀಪ ಆರಿತು ನೋಡು."

"ಆರ್ಲಿ ಬಿಡ್ರಿ. ಅದರಾಗೇನೂ ಇಲ್ಲ."

ಆ ಒಂಬತ್ತೂ ದಿನ ದೊಡ್ಡ ಡಿಸ್ಕಿನ ಪ್ಲಗ್ಗಿನ ಜಾಗದಲ್ಲಿ ನನ್ನ ಕೂಲರ್ ಇತ್ತು. ಹತ್ತನೆಯ ದಿನ ಕೂಲರ್ ಕಿತ್ತು ಡಿಸ್ಕಿನ ಪ್ಲಗ್ಗು ಮತ್ತೆ ಹಚ್ಚಿ, ಹಗೇವಿನ ಮೇಲೆ ಹೊರಸು ಹಾಕಿದವನೂ ನಾನೇ. ದಾವಲಬಿ ನೋಟ್‌ಬುಕ್ ತೆರೆದು, 'ಯಾಕೆ' ಎಂಬ ಕಡೆ ನನ್ನ ಹೆಸರನ್ನು ಹದಿನೈದನೆಯ ಸಲ ಬರೆದಳು. ನಗಲಿಲ್ಲ, ಬೈಯಲಿಲ್ಲ. ಹಿಂದಿನ ದಿನವೇ ಆಕೆಗೆ ಅನುಮಾನವಿತ್ತೆಂದೂ, ಇಂಜಿನಿಯರ್ ಮುಂದೆ ನನ್ನ ಮಾನ ಹೋಗಬಾರದೆಂದು ಸುಮ್ಮನಿದ್ದಳೆಂದೂ ಜಹೀರನಿಂದ ಆಮೇಲೆ ತಿಳಿಯಿತು.

ಪರದೆಯಲ್ಲಿ ಗುರಪ್ಪಣ್ಣ ಎಲೆಯೊಂದನ್ನು ಬೆಳಕಿಗೆ ಹಿಡಿದು ಮಾತು ಶುರು ಮಾಡಿದ್ದ. ಪರದೆಯ ಮುಂದಿನ ಗುರಪ್ಪಣ್ಣ ತುಟಿ ಅಲ್ಲಾಡಿಸುತ್ತ ತನ್ನ ಮಾತನ್ನು ತಾನೇ ಹಿಂಬಾಲಿಸುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ದಾವಲಬಿಯ ಟೇಬಲ್ಲಿಗೆ ಒರಗಿದ್ದ ತನ್ನ ಕೋಲನ್ನು ತೆಗೆದುಕೊಂಡ. ಮೂರು ಬಡಿತಕ್ಕೆ ನಾನು ತಲೆ ತಗ್ಗಿಸಿ ಸಿದ್ಧನಾದೆ.

ಆದರೆ ಅವನು ಆಕೆಯ ಕಡೆ ತಿರುಗಿ, ಕೋಲನ್ನು ಒಂದೇ ಒಂದು ಸಲ, ಬಹಳ ಮೆತ್ತಗೆ ನೆಲಕ್ಕೆ ಮುಟ್ಟಿಸಿದ.