ಬೆಳಗದ ವಲ್ಲಿಯ ದೊಡ್ಡಸ್ತಿಕೆ

ರಾಯಚೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ತಲೆ ನರೆಸಿಕೊಂಡವನಾದರೂ, ನನ್ನ ಹೆಗಲ ಮೇಲಿನ ಖಾದಿ ವಲ್ಲಿಗೆ ರಾಸಾಯನಿಕ ಮುಟ್ಟಿಸಿದವನಲ್ಲ. ಅಂಟವಾಳ ಕಾಯಿಯ ನೊರೆಯಲ್ಲೇ ಅದರ ಸ್ನಾನ. ಇದನ್ನು ನಾನು ವ್ರತ ಎನ್ನುತ್ತೇನೆ.

"ಮನಿಗಿ ಬಂದವರು ನೆಲ ಒರಸೋ ಅರಿವಿ ಅಂತ ತಿಳ್ಕೋತಾರ್ರೀ," ಎನ್ನುತ್ತಾಳೆ ಹೆಂಡತಿ.

ಹೋದ ವರ್ಷ ದೇವದುರ್ಗದ ಹುಡುಗಿಯೊಬ್ಬಳು ಎಂ.ಎಸ್ಸಿ. ಪ್ರಾಜೆಕ್ಟಿಗೆ ನನ್ನ ಪಾಲಿಗೆ ಬಂದಳು. ಮಾನ್ವಿಯ ಅಕ್ಕಿಯ ಗಂಜಿಯನ್ನು ಬಿಗಿ ಮುಚ್ಚಳದ ಉಕ್ಕಿನ ಪಾತ್ರೆಯಲ್ಲಿ ಕಾಯಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಕಣಗಳನ್ನು ಮಾಡುತ್ತಿದ್ದಳು. ನೇರಳಾತೀತ ದೀಪ ಹಿಡಿದರೆ ಅವು ನೀಲಿಯಾಗಿ ಬೆಳಗುತ್ತವೆ. ಮದ್ದಿನ ಜೊತೆ ಜಾಲಿ ಅಂಟಿನಲ್ಲಿ ಕಲಸಿ ಹತ್ತಿ ಬಟ್ಟೆಗೆ ಸವರಿದರೆ ಗಾಯದ ಪಟ್ಟಿ ತಯಾರು. ಮದ್ದು ಎಷ್ಟು ಉಳಿದಿದೆಯೆಂದು ವೈದ್ಯರು ಮುಂದೊಂದು ದಿನ ಪಟ್ಟಿ ಬಿಚ್ಚದೆ, ಬರೀ ದೀಪ ಹಿಡಿದು ಹೊಳಪಿನಿಂದಲೇ ತಿಳಿಯಬಹುದೆಂಬುದು ಅವಳ ಆಸೆ. ಗಂಜಿ, ಅಂಟು ಎರಡನ್ನೂ ನಾವು ತಿಂದೇ ಬೆಳೆದವರು. ಮೈ ಮುನಿಯಲಾರದೆಂಬ ಧೈರ್ಯ ನನ್ನದು.

ಪರೀಕ್ಷೆಯ ದಿನ ಹೊರಗಿನಿಂದ ಪರೀಕ್ಷಕರು ಬಂದರು. ಅವರು ಒಪ್ಪಿದರೆ ಪದವಿ, ಒಪ್ಪದಿದ್ದರೆ ಇನ್ನೊಂದು ವರ್ಷ. ಮಗಳ ಭಾಗ್ಯ ನೋಡಲೆಂದು ತಾಯಿಯೂ ಬಂದು ಬಾಗಿಲಲ್ಲಿ ನಿಂತಿದ್ದಳು.

ಕಿಟಕಿಗೆ ಕರಿ ಬಟ್ಟೆ ಕಟ್ಟಿ ದೀಪ ಹಚ್ಚಿದೆವು. ಕಣ ಸವರಿದ ತುಂಡು ಬೆಳಗಿತು. ಹೋಲಿಕೆಗೆಂದು ಪಕ್ಕದಲ್ಲಿಟ್ಟಿದ್ದ ಬರೀ ಬಟ್ಟೆ ಅದಕ್ಕಿಂತ ಜೋರಾಗಿ ಬೆಳಗಿತು!

"ಏನೂ ಹಚ್ಚದ್ದೇ ಹೆಚ್ಚು ಹೊಳೀತಿದೆಯಲ್ಲಮ್ಮ. ನಿನ್ನ ಕಣಗಳಿಗೆ ಏನು ಕೆಲಸ?" ಎಂದರು ಪರೀಕ್ಷಕರು. ಹುಡುಗಿಯ ಮುಖ ಬಾಡಿತು. ನಾನು ಗಂಭೀರವಾಗಿ ಕೆಮ್ಮಿದೆ.

ಬಾಗಿಲಿಂದ ತಾಯಿಯ ಹೆಮ್ಮೆಯ ದನಿ ಬಂತು: "ಹೊಳೀಲಾರದ ಏನ್ ಮಾಡ್ತದ್ರಿ ಯಪ್ಪಾ? ಪರೀಕ್ಷಿ ಬಟ್ಟಿ ಅಂತ ನಾನ ಪುಡಿ ಹಾಕಿ ಗಸಗಸ ತಿಕ್ಕೀನಿ!"

"ಯವ್ವಾ! ಪುಡಿ ಹಾಕಿದೇನಬೇ?" ಹುಡುಗಿ ಹಣೆ ಬಡಿದುಕೊಂಡಳು. ಸೋಪಿನ ಪುಡಿಯಲ್ಲಿ ಬಿಳುಪು ಹೆಚ್ಚಿಸುವ ಬಣ್ಣವಿರುತ್ತದೆ. ಅದೂ ಇದೇ ದೀಪಕ್ಕೆ ನೀಲಿಯಾಗಿ ಹೊಳೆಯುತ್ತದೆ. ಅವಳು ಪರೀಕ್ಷಕರತ್ತ ತಿರುಗಿದಳು: "ನೋಡ್ರಿ ಸರ್, ನಿಮ್ಮ ಅಂಗಿನೂ ಹೊಳ್ಯಾಕತ್ತದ!"

ನಿಜ. ಆ ಮಹನೀಯರು ದೀಪಾವಳಿಯಂತೆ ಬೆಳಗುತ್ತಿದ್ದರು. ಅವಳ ಕಣ್ಣು ನನ್ನ ಹೆಗಲ ಮೇಲೆ ನಿಂತಿತು. "ನಮ್ಮ ಸರ್ ವಲ್ಲಿ ಒಂದ ಕತ್ತಲ್ಯಾಗ ಅದ! ಸರ್, ಹರೀಲೇನ್ರಿ?"

ಕರ್ಣನು ಕವಚ ಕೊಟ್ಟ ಠೀವಿಯಲ್ಲಿ ವಲ್ಲಿ ಇಳಿಸಿಕೊಟ್ಟೆ. ಅವಳು ಒಂದು ತುಂಡು ಹರಿದು, ಕಣ ಕಲಸಿದ ಅಂಟನ್ನು ಅರ್ಧಕ್ಕೆ ಮಾತ್ರ ಸವರಿ, ಬಿಸಿಗಾಳಿಯಲ್ಲಿ ಒಣಗಿಸಿದಳು. ಮತ್ತೆ ದೀಪ ಹಚ್ಚಿದೆವು. ಸವರಿದ ಅರ್ಧ ನೀಲಿ; ಉಳಿದರ್ಧ ಅಮಾವಾಸ್ಯೆ.

ಪರೀಕ್ಷಕರು ಹೊಳೆಯುವ ಅಂಗಿ ಕುಲುಕುವಂತೆ ನಕ್ಕು, "ಪಾಸಮ್ಮ, ಪಾಸು," ಎಂದರು. ಕರಿ ಬಟ್ಟೆ ಸರಿಸಿದಾಗ ತಾಯಿ ಕಣ್ಣೊರೆಸಿಕೊಳ್ಳುತ್ತ ಒಳಗೆ ಬಂದು, ನನ್ನ ಕೈಯಲ್ಲಿದ್ದ ಹರಕು ವಲ್ಲಿಗೆ ಕೈ ಚಾಚಿದಳು.

"ಇದನ್ನರ ಕೊಡ್ರಿ ಯಪ್ಪಾ, ಪುಡಿ ಹಾಕಿ ಬೆಳ್ಳಗ ಮಾಡಿ ಕೊಡ್ತೀನಿ."

"ಬ್ಯಾಡಬೇ!" ಎಂದಳು ಮಗಳು. ನಾನೂ ವಲ್ಲಿಯನ್ನು ಎದೆಗವಚಿಕೊಂಡೆ.