ಇಂಜಿನ್ನಿನ ಪಗಾರ

ನಿಜಾಮರ ಆಳ್ವಿಕೆಯಲ್ಲಿ ನಾನು ಹುಮನಾಬಾದಿನ ಎಣ್ಣೆ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಇಂಜಿನ್ನಿಗೆ ಮೂರು ಸಾವಿರ ರೂಪಾಯಿ ಬಿದ್ದಿತ್ತು, ಹತ್ತು ವರ್ಷ ಬಾಳೀತು ಅಂತ ಅಂದಾಜು. ಹಾಗಾಗಿ ಲಾಭ ಹಂಚುವ ಮೊದಲು ವರ್ಷಕ್ಕೆ ಮುನ್ನೂರು ರೂಪಾಯಿ ಸವಕಳಿ ಅಂತ, ಮುಂದೆ ಹೊಸದನ್ನು ಕೊಳ್ಳಲು, ತೆಗೆದಿಟ್ಟೆ.

ಪಾಲುದಾರರ ಸಭೆಯಲ್ಲಿ ಕಲ್ಯಾಣದ ಶರಣಪ್ಪ ಸಾಹುಕಾರರು ಸಿಡಿದರು. "ಇಂಜಿನ್ ಛಲೋ ನಡ್ಯಾಕತ್ತದ. ಮುನ್ನೂರು ಎಲ್ಲಿ ಸವೀತ್ರಿ? ನನ್ನ ಪಾಲು ಪೂರಾ ಕೊಡ್ರಿ. ಇಲ್ಲಾಂದ್ರ ಬ್ಯಾರೆ ಮುನೀಮನ್ನ ನೋಡ್ತೀವಿ."

"ನೋಡ್ಕೋರಿ," ಅಂದೆ. ಲಾಭವನ್ನೆಲ್ಲ ಹಂಚಿಕೊಂಡು, ಇಂಜಿನ್ ಕೆಟ್ಟ ದಿನ ಗಿರಣಿಗೆ ಬೀಗ ಹಾಕುವ ಲೆಕ್ಕಕ್ಕೆ ನಾನು ಸಹಿ ಹಾಕುವವನಲ್ಲ. "ದುಡಿಯೋ ಆಳಿಗೆ ಪಗಾರ ಕೊಡ್ತೀರಿ, ಹೌದಲ್ರಿ? ಇದು ಇಂಜಿನ್ನಿನ ಪಗಾರ. ತಿಂಗಳಿಗೆ ಇಪ್ಪತ್ತೈದು."

ಸಭೆ ತಣ್ಣಗಾಯಿತು. ಪಗಾರ ಅಂದಮೇಲೆ ಇಲ್ಲ ಅನ್ನುವುದು ಹೇಗೆ? ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಸಾಹುಕಾರರು ಮತ್ತೆ ಕೈಯೆತ್ತಿದರು.

"ಮಳಿಗಾಲದಾಗ ಶೇಂಗಾ ಇಲ್ದ ಗಿರಣಿ ಎರಡು ತಿಂಗಳು ಬಂದ್ ಇತ್ತು. ಕೂತವಗ ಯಾಕ ಪಗಾರ? ಐವತ್ತು ಕಡೀರಿ."

"ಕೂತ್ರ ತುಕ್ಕು ಹಿಡೀತದ್ರಿ. ಒಂದಾಣೆನೂ ಕಡಿಯೋದಿಲ್ಲ."

ಕಡಿಯಲೂ ಇಲ್ಲ. ಹತ್ತು ವರ್ಷ ದುಡಿದು ಇಂಜಿನ್ ನಿಂತಾಗ, ಕೂಡಿಟ್ಟ ಅದೇ ಹಣದಿಂದ ಇನ್ನೊಂದು ಬಂತು. ಪೂಜೆಗೆ ಬಂದ ಸಾಹುಕಾರರು ಮೂಲೆಯಲ್ಲಿ ಬಿದ್ದ ಹಳೆಯದನ್ನು ನೋಡಿ ಕೇಳಿದರು, "ಅವನ ಕಮಾಯಿ ಎಲ್ಲಾ ಇವಗ ಹೋಯ್ತಲ್ರಿ. ಇವ ಅವಗ ಏನಾಗಬೇಕು?"

"ಮಗ," ಅಂದೆ.

ಸಾಹುಕಾರರು ಹೊಸ ಇಂಜಿನ್ನಿನ ಬೆನ್ನು ಸವರಿದರು. "ಹಂಗಾದ್ರ ಇವನ ಪಗಾರ ಇವತ್ತಿಂದನೇ ಹಿಡೀರಿ."

ಮಳೆಗಾಲದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ.